ವಿಭೂತಿಯಲ್ಲಿ ಸಕ್ಕರೆ ಇಲ್ಲ

ಫೆಬ್ರವರಿ 3, ಸೋಮವಾರ

ಯಾರಿಗೂ ಹೇಳುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ವಾರ ಫ್ಯಾಕ್ಟರಿಯಲ್ಲಿ ಶುಗರ್ ಕ್ಯಾಂಪ್ ಮಾಡಿ ಎಲ್ಲರ ರಕ್ತ ತೆಗೆದುಕೊಂಡು ಹೋಗಿದ್ದರು. ಇವತ್ತು ರಿಪೋರ್ಟ್ ಬಂತು. ಡಿಸ್ಪ್ಯಾಚ್ ಸೆಕ್ಷನ್‌ನಲ್ಲಿ ಎಲ್ಲರೂ ಕವರ್ ಹರಿದು, ಒಬ್ಬರದೊಬ್ಬರು ನೋಡಿ ನಗುತ್ತಿದ್ದರು. ನಾನು ನನ್ನದನ್ನು ಬಾತ್‌ರೂಮಿಗೆ ತೆಗೆದುಕೊಂಡು ಹೋಗಿ ತೆರೆದೆ. ಎಚ್‌ಬಿಎ1ಸಿ 6.1. ಪಕ್ಕದಲ್ಲಿ ಪ್ರೀಡಯಾಬಿಟಿಸ್ ಅಂತ ದಪ್ಪ ಅಕ್ಷರ. ಶುಗರ್‌ಗೆ ಒಂದು ಮೆಟ್ಟಿಲು ಹಿಂದೆ ಅಂತ ಅರ್ಥ.

ನನಗೆ ಇಪ್ಪತ್ತಮೂರು ವರ್ಷ.

ಅಪ್ಪನಿಗೆ ಶುಗರ್ ಅಂತ ಗೊತ್ತಾದಾಗ ನಾನು ಹೈಸ್ಕೂಲು. ಅಪ್ಪ ಅದೇ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಕಾಲಿಗೆ ಏನೋ ಚುಚ್ಚಿತು, ಗಾಯ ಆಯಿತು, ಮಾಯಲಿಲ್ಲ. ಮೈಸೂರಿನ ಆಸ್ಪತ್ರೆಯಿಂದ ವಾಪಸ್ ಬಂದಾಗ ಬಲಗಾಲಿನಲ್ಲಿ ಮೂರೇ ಬೆರಳು. ಆಮೇಲೆ ಕೆಲಸವನ್ನೂ ಬಿಟ್ಟುಬಿಟ್ಟರು. ಈಗ ಮನೆಯೊಳಗೂ ಸಾಕ್ಸ್ ಹಾಕಿಕೊಂಡೇ ಇರುತ್ತಾರೆ. ಆ ಕಾಲನ್ನು ನಾನು ಒಂದು ಸಲವೂ ನೋಡಿಲ್ಲ. ಅವರೂ ತೋರಿಸಿಲ್ಲ, ನಾನೂ ಕೇಳಿಲ್ಲ.

ಸಂಜೆ ಬಂದು ಚಪ್ಪಲಿ ಬಿಟ್ಟು ನನ್ನ ಬೆರಳುಗಳನ್ನು ಎಣಿಸಿದೆ. ಹುಚ್ಚುತನ ಅಂತ ಗೊತ್ತು. ಎಣಿಸಿದೆ.

ಫೆಬ್ರವರಿ 5, ಬುಧವಾರ

ಅಪ್ಪನ ಗ್ಲೂಕೋಮೀಟರ್ ನಿನ್ನೆ ಬೀರುವಿನಲ್ಲಿ ಹಳೇ ಸ್ವೆಟರ್ ಕೆಳಗೆ ಸಿಕ್ಕಿತು. ಆಪರೇಷನ್ ಆದಮೇಲೆ ಅವರು ಅದನ್ನು ಮುಟ್ಟಿಲ್ಲ. ಮಾತ್ರೆ ನುಂಗುತ್ತಾರೆ, ಅಷ್ಟೆ. ಅಮ್ಮ ಜಗಳ ಆಡಿ ಎಳೆದುಕೊಂಡು ಹೋದರೆ ಮಾತ್ರ ಆಸ್ಪತ್ರೆ. ಸ್ಟ್ರಿಪ್ ಎಲ್ಲ ಅವಧಿ ಮುಗಿದಿದ್ದವು. ಹೊಸವು ತರಲು ಬಜಾರ್ ರಸ್ತೆ ಮೆಡಿಕಲ್‌ಗೆ ಹೋದೆ.

"ಮೇಷ್ಟ್ರಿಗಾ ಕಣವ್ವ?" ಅಂದರು ಅಂಗಡಿಯವರು.

"ಹೂಂ."

"ಪರವಾಗಿಲ್ಲ, ಈಗಲಾದ್ರೂ ಬುದ್ಧಿ ಬಂತಲ್ಲ ಮೇಷ್ಟ್ರಿಗೆ. ಚುಚ್ಚೋ ಮುಂಚೆ ಕೈ ತೊಳ್ಕೊಳಕ್ಕೆ ಹೇಳು. ಬಾಳೆಹಣ್ಣು ಸುಲಿದ ಕೈಲಿ ಚುಚ್ಕೊಂಡು ಇನ್ನೂರು ಬಂತು, ಮುನ್ನೂರು ಬಂತು ಅಂತ ಓಡಿ ಬತ್ತಾರೆ ಜನ."

ಇವತ್ತು ಬೆಳಿಗ್ಗೆ ಸೋಪು ಹಾಕಿ ಕೈ ತೊಳೆದು ಖಾಲಿ ಹೊಟ್ಟೆಯಲ್ಲಿ ಚುಚ್ಚಿಕೊಂಡೆ. ರಕ್ತವೇ ಬರಲಿಲ್ಲ. ಬೆರಳು ಹಿಂಡಿ ಹಿಂಡಿ ಒಂದು ಹನಿ ತೆಗೆದೆ. 92.

ತೊಂಬತ್ತೆರಡು ಅಂದರೆ ನಾರ್ಮಲ್. ಊಟ ಆಗಿ ಎರಡು ಗಂಟೆ ಬಿಟ್ಟು ನೋಡಿದೆ, 117. ಅದೂ ನಾರ್ಮಲ್. ಲ್ಯಾಬ್ ಒಂದು ಹೇಳುತ್ತೆ, ಮೀಟರ್ ಇನ್ನೊಂದು ಹೇಳುತ್ತೆ. ಇಬ್ಬರಲ್ಲಿ ಒಬ್ಬರು ಸುಳ್ಳು. ಒಂದು ಗಂಟೆ ಖುಷಿಯಾಗಿದ್ದೆ. ಆಮೇಲೆ ಅನ್ನಿಸಿತು, ಲ್ಯಾಬ್ ದೊಡ್ಡದು, ಮೀಟರ್ ಅಂಗೈಯಷ್ಟು. ಯಾರು ಸುಳ್ಳು ಹೇಳಿರಬಹುದು?

ಫೆಬ್ರವರಿ 9, ಭಾನುವಾರ

ಉತ್ತರ ಸಿಕ್ಕಿತು. ಉತ್ತರಕ್ಕಿಂತ ಹೆಚ್ಚಾಗಿ ಒಂದು ಬಳಗವೇ ಸಿಕ್ಕಿತು.

ಒಂದು ವಿಡಿಯೋದ ಕಾಮೆಂಟ್‌ನಲ್ಲಿ ಲಿಂಕ್ ಇತ್ತು. 'ಸಿಹಿ ಬಿಟ್ಟವರು' ಅಂತ ಗ್ರೂಪ್. ಸಾವಿರದ ಮೇಲೆ ಜನ. ನಡೆಸುವವರು ಮದನ್ ಸರ್. ಡಾಕ್ಟರ್ ಅಲ್ಲ, ತಮ್ಮ ಶುಗರನ್ನು ತಾವೇ ಗೆದ್ದವರಂತೆ. ಅವರ ದನಿ ಎಷ್ಟು ಸಮಾಧಾನ ಅಂದರೆ, ಕೇಳಿದರೆ ಅರ್ಧ ಶುಗರ್ ಇಳಿಯುತ್ತೆ ಅಂತ ಎಲ್ಲರೂ ಬರೆಯುತ್ತಾರೆ. ನಿಜ. ಹಳೇ ವಾಯ್ಸ್ ನೋಟ್‌ಗಳನ್ನೆಲ್ಲ ಇವತ್ತೇ ಕೇಳಿ ಮುಗಿಸಿದೆ.

ನನ್ನ ಪ್ರಶ್ನೆ ಹಾಕಿದೆ. ಸರ್ ಹೆಸರು ಹಿಡಿದು ಉತ್ತರ ಕಳಿಸಿದರು.

"ನಂಜನಗೂಡಿನ ಹೇಮಲತಾ ಅವರೇ, ಮೀಟರ್ ಅಂದ್ರೆ ಕಿಟಕಿ ಸಂದಿಯಿಂದ ಒಂದು ಕ್ಷಣ ಇಣುಕಿ ನೋಡಿದ ಹಾಗೆ. ಎಚ್‌ಬಿಎ1ಸಿ ಅಂದ್ರೆ ಮೂರು ತಿಂಗಳು ಮನೆ ಒಳಗೇ ಕೂತವನ ಸಾಕ್ಷಿ. ನೀವು ನೋಡ್ದೇ ಇರೋ ಹೊತ್ತಲ್ಲಿ ನಿಮ್ಮ ಸಕ್ಕರೆ ಏರ್ತಾ ಇದೆ. ಭಯ ಬೇಡ, ಎಚ್ಚರ ಇರಲಿ."

ಹತ್ತು ಸಲ ಕೇಳಿದೆ. ನನ್ನ ಹೆಸರನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆ. ಆದರೆ ಆ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ನಾನು ನೋಡದೇ ಇರುವ ಹೊತ್ತು.

ಫೆಬ್ರವರಿ 17, ಸೋಮವಾರ

ಖಾಲಿ ಹೊಟ್ಟೆ 89. ತಿಂಡಿ ಆದಮೇಲೆ 112. ಮೆಟ್ಟಿಲು ಹತ್ತಿದ ಮೇಲೆ 98. ಅಮ್ಮನ ಜತೆ ಜಗಳ ಆದಮೇಲೆ 104. ಬೆಳಗಿನ ಜಾವ ಅಲಾರಂ ಇಟ್ಟು ಎದ್ದು ನೋಡಿದೆ, 91. ಎಲ್ಲಿ ಅಡಗಿದೆ?

ಅನ್ನ ಬಿಟ್ಟೆ, ಮುದ್ದೆ ಬಿಟ್ಟೆ. ಕಾಳು, ಬೇಳೆಯಲ್ಲೂ ಕಾರ್ಬ್, ಅಂದರೆ ಒಳಗೆ ಹೋಗಿ ಸಕ್ಕರೆಯಾಗುವ ಪಿಷ್ಟ, ಇದೆ ಅಂತ ಸರ್ ಹೇಳಿದ ಮೇಲೆ ಹುರುಳಿ ಸಾರನ್ನೂ ಬಿಟ್ಟೆ. ಸೌತೆಕಾಯಿ, ಮೊಸರು, ಸಕ್ಕರೆ ಇಲ್ಲದ ಟೀ. ಹಸಿವಾದಾಗ ಟೀ ಕುಡಿಯಿರಿ ಅಂತ ಗ್ರೂಪಿನಲ್ಲಿ ಹೇಳುತ್ತಾರೆ. ದಿನಕ್ಕೆ ಏಳೆಂಟು ಆಗುತ್ತಿದೆ.

ಡಿಸ್ಪ್ಯಾಚ್ ಆಫೀಸ್ ಎರಡನೇ ಮಹಡಿ. ಮಧ್ಯದ ಮೆಟ್ಟಿಲಿನಲ್ಲಿ ನಿಂತು ಮೊಬೈಲ್ ನೋಡುವವಳ ಥರ ನಟಿಸಿ ಆಮೇಲೆ ಹತ್ತುತ್ತೇನೆ. ಪಕ್ಕದ ಸೀಟಿನ ಸುನೀತಾ, "ಏನೇ, ದಿನಾ ಅಲ್ಲೇ ಮೆಸೇಜ್ ಬತ್ತದಾ ನಿಂಗೆ? ಟವರ್ ಅಲ್ಲೇ ಸಿಕ್ತದಾ?" ಅಂದಳು. ಶುಗರ್ ಇದ್ದರೆ ಸುಸ್ತು ಅಂತ ಗ್ರೂಪಿನಲ್ಲಿ ಹೇಳಿದ್ದಾರೆ. ಅದೇ ಇರಬೇಕು.

ಈ ಸಲವೂ ಮುಟ್ಟು ಒಂಬತ್ತು ದಿನ ಹೋಯಿತು. ಅದಿರಲಿ.

ಫೆಬ್ರವರಿ 26, ಶಿವರಾತ್ರಿ

ಮನೆಯಲ್ಲಿ ಎಲ್ಲರಿಗೂ ಉಪವಾಸ, ಹಾಗಾಗಿ ನಾನು ತಿನ್ನದಿದ್ದದ್ದನ್ನು ಯಾರೂ ಕೇಳಲಿಲ್ಲ. ನೆಮ್ಮದಿ.

ಪೂಜೆಗೆ ಅಪ್ಪ ಹೊಸ ವಿಭೂತಿ ಗಟ್ಟಿ ತಂದಿದ್ದರು. ಅಭಿಷೇಕದ ನೀರು ಒಂದು ಗಟ್ಟಿಯ ಮೇಲೆ ಬಿದ್ದು ಅದರಿಂದ ವಾಸನೆ ಎದ್ದಿತು. ಮೊದಲ ಮಳೆ ಬಿದ್ದ ಅಂಗಳದ ವಾಸನೆ. ಬಾಯಲ್ಲಿ ನೀರು ಬಂತು. ಯಾರೂ ನೋಡದಿದ್ದಾಗ ಮೂಲೆ ಮುರಿದು ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಅಂಟಿಕೊಂಡು ಮೆಲ್ಲಗೆ ಕರಗಿತು. ಇಷ್ಟು ದಿನದಲ್ಲಿ ಏನು ತಿಂದರೂ ಇಷ್ಟು ಹಿತ ಅನ್ನಿಸಿರಲಿಲ್ಲ.

ತಿಂದ ಮೇಲೆ ಚುಚ್ಚಿ ನೋಡಿದೆ. 90. ಏರಿಲ್ಲ.

ಮಾರ್ಚ್ 11, ಮಂಗಳವಾರ

ಇಬ್ಬರನ್ನೂ ಎದುರುಬದುರು ಕೂರಿಸಿದೆ. ಲ್ಯಾಬ್‌ಗೆ ಖಾಲಿ ಹೊಟ್ಟೆಯಲ್ಲಿ ಮೀಟರನ್ನೇ ತೆಗೆದುಕೊಂಡು ಹೋದೆ. ಅವರು ತೋಳಿನಿಂದ ರಕ್ತ ತೆಗೆಯುತ್ತಿದ್ದಾಗಲೇ ನಾನು ಇನ್ನೊಂದು ಕೈಯ ಬೆರಳು ಚುಚ್ಚಿಕೊಂಡೆ. ಲ್ಯಾಬ್ ಹುಡುಗ ನಕ್ಕ. "ಮೇಡಂ, ನಮ್ಮ ಮೇಲೆ ಕೇಸ್ ಹಾಕೋಕಾ?"

ಲ್ಯಾಬಿನದು 93. ನನ್ನದು 99. ಇಷ್ಟು ವ್ಯತ್ಯಾಸ ಇದ್ದೇ ಇರುತ್ತೆ, ಮೀಟರ್ ಸರಿಯಾಗಿದೆ ಅಂದ. ಹಾಗಾದರೆ ಮೀಟರ್ ಸುಳ್ಳಲ್ಲ. ಲ್ಯಾಬೂ ಸುಳ್ಳಲ್ಲ. ಸಕ್ಕರೆಯೇ ಕಳ್ಳ. ನಾನು ನೋಡಿದಾಗ ಸುಮ್ಮನಿದ್ದು, ತಲೆ ತಿರುಗಿಸಿದ ಕೂಡಲೇ ಏಳುತ್ತದೆ.

ಮಾರ್ಚ್ 22, ಶನಿವಾರ

ಪೂಜೆ ಮಾಡುವಾಗ ಅಪ್ಪ ಕೂಗಿದರು. "ನಾಗರತ್ನ, ಮನೇಲಿ ಇಲಿ ಸೇರ್ಕೊಂಡದೆ ಕಣೇ. ವಿಭೂತಿ ಗಟ್ಟಿ ಅರ್ಧಕ್ಕೆ ಬಂದದೆ."

"ಇಲಿ ಯಾಕ್ರೀ ವಿಭೂತಿ ತಿಂತದೆ?" ಅಂದಳು ಅಮ್ಮ ಅಡುಗೆಮನೆಯಿಂದ.

"ನಂಜನಗೂಡಿನ ಇಲಿ ಅಲ್ವಾ. ಭಕ್ತಿ ಜಾಸ್ತಿ."

ನಾನೂ ನಕ್ಕೆ. ಬಾಯಿ ಮುಚ್ಚಿಕೊಂಡೇ ನಕ್ಕೆ.

ಗ್ರೂಪಿನಲ್ಲಿ ಕೇಳಿದೆ, ಪಕ್ಕದ ಮನೆಯವರು ಕೇಳುತ್ತಿದ್ದಾರೆ ಅಂತ ಸೇರಿಸಿ: ವಿಭೂತಿಯಲ್ಲಿ ಕಾರ್ಬ್ ಇದೆಯಾ? ಮೂರು ಜನ ನಗುವ ಮುಖ ಹಾಕಿದರು. ಸರ್ ಮಾತ್ರ ಗಂಭೀರವಾಗಿ ಉತ್ತರ ಕೊಟ್ಟರು. "ಕಾರ್ಬ್ ಸೊನ್ನೆ." ಜತೆಗೆ ಒಂದು ಹೆಬ್ಬೆರಳು. ಮನಸ್ಸು ಹಗುರ ಆಯಿತು. ಸರ್ ಯಾವ ಪ್ರಶ್ನೆಯನ್ನೂ ಸಣ್ಣದು ಮಾಡುವುದಿಲ್ಲ.

ಈಗ ಪರ್ಸಿನಲ್ಲೂ ಒಂದು ಚೂರು ಇಟ್ಟುಕೊಂಡಿರುತ್ತೇನೆ. ಆಫೀಸಿನಲ್ಲಿ ಫ್ರಿಜ್ಜಿನ ಐಸ್ ಕಡಿಯುತ್ತೇನೆ. ಐಸಿನಲ್ಲೂ ಏನೂ ಇಲ್ಲ.

ಮಾರ್ಚ್ 30, ಯುಗಾದಿ

ಅಪ್ಪ ಬೇವು ಬೆಲ್ಲ ಹಂಚಿದರು. ನಾನು ಬೇವಿನ ಎಲೆ ಆರಿಸಿಕೊಂಡು ಬೆಲ್ಲವನ್ನು ತಟ್ಟೆಯಲ್ಲೇ ಬಿಟ್ಟೆ.

"ಹೇಮಾ, ಎರಡೂ ಸೇರಿಸಿ ತಿನ್ನಬೇಕು."

"ಬೇಡ ಅಪ್ಪ."

"ಒಂದು ಚೂರು ಕಣವ್ವ, ಶಾಸ್ತ್ರಕ್ಕೆ. ಬರೀ ಬೇವು ತಿಂದು ವರ್ಷ ಶುರು ಮಾಡ್ತಾರಾ ಯಾರಾದ್ರೂ? ಶುಗರ್ ಇರೋ ನಾನೇ ತಿಂತಾ ಇದ್ದೀನಿ."

"ಅದಕ್ಕೇ ನಿಮ್ಮ ಕಾಲು ಹಾಗಾಗಿದ್ದು."

ಹೇಳಿದ ಮೇಲೆ ಬಾಯಿಂದ ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ. ಅಮ್ಮ ಹೂರಣ ರುಬ್ಬುತ್ತಿದ್ದವಳು ನಿಲ್ಲಿಸಿದಳು. ಅಪ್ಪ ನನ್ನ ತಟ್ಟೆಗೆ ಕೈ ಚಾಚಿದರು. ತಟ್ಟೆ ತೆಗೆದುಕೊಳ್ಳುವಾಗ ನನ್ನ ಕೈ ಅವರ ಕೈಗೆ ತಾಗಿತು.

"ಕೈ ಯಾಕೆ ಹಿಂಗದೆ? ಮಂಜುಗಡ್ಡೆ ಆಗದಲ್ಲ," ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೋಳಿಗೆ ಮುಟ್ಟಲಿಲ್ಲ. ಅಮ್ಮ ಅತ್ತಳು. ಗ್ರೂಪಿನಲ್ಲಿ ಬರೆದೆ, ಎಲ್ಲರೂ ಚಪ್ಪಾಳೆ ಹಾಕಿದರು. ಸರ್ ನನಗೆ 'ಉಕ್ಕಿನ ಮನಸ್ಸು' ಅಂತ ಬಿರುದು ಕೊಟ್ಟರು.

ಏಪ್ರಿಲ್ 8, ಮಂಗಳವಾರ

ಎರಡು ತಿಂಗಳಾಗಿದೆ, ನೋಡಿಸಿ, ಇಳಿದಿರೋದನ್ನ ಇಲ್ಲಿ ಹಾಕಿ, ಹೊಸಬರಿಗೆ ಧೈರ್ಯ ಬರುತ್ತೆ ಅಂದಿದ್ದರು ಸರ್. ಲ್ಯಾಬ್‌ಗೆ ಹೋಗಿ ಕೊಟ್ಟು ಬಂದೆ. ಐದೂವರೆ ಬರುತ್ತೆ ಅಂದುಕೊಂಡಿದ್ದೆ. ಐದೂ ಎಂಟು ಬಂದರೂ ಸಾಕು ಅಂತ ನಂಜುಂಡೇಶ್ವರನಿಗೆ ಕೈ ಮುಗಿದೆ.

ಸಂಜೆ ಮೊಬೈಲಿಗೆ ಬಂತು. 6.4.

ಏರಿದೆ.

ಏಪ್ರಿಲ್ 9, ಬುಧವಾರ

ಆರೂವರೆಯಿಂದ ಮುಂದೆ ಅದಕ್ಕೆ ಪ್ರೀ ಅನ್ನುವುದಿಲ್ಲ, ಶುಗರ್ ಅಂತಲೇ ಅನ್ನುತ್ತಾರೆ. ಇನ್ನು ಒಂದೇ ಒಂದು ಪಾಯಿಂಟ್.

ಏಪ್ರಿಲ್ 10, ಗುರುವಾರ

ನಿನ್ನೆ ಸರ್ ಹೇಳಿದರು, ನೀವು ಎಲ್ಲೋ ಕದ್ದು ತಿಂತಾ ಇದ್ದೀರಿ, ಲ್ಯಾಬ್ ಸುಳ್ಳು ಹೇಳಲ್ಲ. ಎಲ್ಲರ ಎದುರಿಗೇ ಹಾಕಿದರು. ಅಕ್ಕಿಯ ಒಂದು ಕಾಳೂ ತಿಂದಿಲ್ಲ ಸರ್ ಅಂತ ಬರೆದೆ. ಯಾರೂ ನಂಬಲಿಲ್ಲ. ಮದ್ದೂರಿನ ಒಬ್ಬರು, ನಿದ್ದೆಯಲ್ಲಿ ಎದ್ದು ತಿನ್ನುವ ಕಾಯಿಲೆಯೂ ಇರುತ್ತೆ ಅಂತ ಬರೆದರು.

ರಾತ್ರಿ ಬಾಗಿಲಿಗೆ ಚಿಲಕ ಹಾಕಿ, ಅದರ ಮೇಲೆ ದಾರ ಕಟ್ಟಿ ಮಲಗಿದ್ದೆ. ಬೆಳಿಗ್ಗೆ ದಾರ ಹಾಗೇ ಇತ್ತು.

ಹಾಗಾದರೆ ಏನೂ ತಿನ್ನದೆಯೇ ಏರುತ್ತಿದೆ. ಒಳಗಿನಿಂದ. ಅಪ್ಪನದು ನಲವತ್ತು ದಾಟಿದ ಮೇಲೆ ಬಂದದ್ದು. ನನ್ನದು ಈಗಲೇ. ನಲವತ್ತರ ಹೊತ್ತಿಗೆ ನನಗೆ ಎಷ್ಟು ಬೆರಳು ಇರುತ್ತವೆ? ಕಣ್ಣು ಇರುತ್ತದಾ? ಇದನ್ನು ಬರೆಯುವಾಗಲೂ ಎದೆ ಡಬಡಬ ಹೊಡೆದುಕೊಳ್ಳುತ್ತಿದೆ, ಸುಮ್ಮನೆ ಕೂತಿದ್ದರೂ.

ಏಪ್ರಿಲ್ 16, ಬುಧವಾರ

ಮೆಟ್ಟಿಲಿನಲ್ಲಿ ಬಿದ್ದೆ. ಕಣ್ಣು ಕತ್ತಲೆ ಬಂತು, ಅಷ್ಟೆ. ಸುನೀತಾ ನೀರು ಚಿಮುಕಿಸಿ ಆಟೋದಲ್ಲಿ ಮನೆಗೆ ಕರೆತಂದಳು. ಅಮ್ಮನ ಹತ್ತಿರ ಏನೋ ಪಿಸುಗುಟ್ಟಿ ಹೋದಳು.

ಶುಗರ್ ಇಳಿದಿರಬೇಕು ಅಂತ ತಕ್ಷಣ ಚುಚ್ಚಿ ನೋಡಿದೆ. 88. ಇಳಿದೂ ಇಲ್ಲ.

ಅಮ್ಮ ಆಸ್ಪತ್ರೆಗೆ ನಡಿ ಅಂದಳು. ಇಲ್ಲ ಅಂದೆ. ಆಸ್ಪತ್ರೆಗೆ ಹೋದರೆ 6.4 ಅಪ್ಪನಿಗೆ ಗೊತ್ತಾಗುತ್ತೆ. ತನ್ನಿಂದಲೇ ಬಂತು ಅಂದುಕೊಳ್ಳುತ್ತಾರೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ. ಕೊನೆಗೆ ಅಮ್ಮ, "ಹಂಗಾದ್ರೆ ನಾಲ್ಕು ದಿನ ಮೂಗೂರಿಗೆ ಹೋಗಿ ನಮ್ಮವ್ವನ ಹತ್ರ ಇದ್ದು ಬಾ. ಅಲ್ಲಾದ್ರೂ ಎರಡು ತುತ್ತು ಸೇರ್ತದೇನೋ," ಅಂದಳು. ಮೀಟರ್ ಬ್ಯಾಗಿನ ತಳದಲ್ಲಿ ಇಟ್ಟುಕೊಂಡೆ.

ಏಪ್ರಿಲ್ 19, ಶನಿವಾರ, ಮೂಗೂರು

ಅಜ್ಜಿ ಬಾಗಿಲಲ್ಲೇ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದಳು. "ಯಾಕ್ ಕೂಸೇ ಇಂಗ್ ಬಿಳಿಚ್ಕಂಡಿದ್ದೀ? ಅರಿಶಿನ ಅಚ್ಕಂಡು ತೊಳ್ಕಂಡಂಗೆ ಇದ್ದೀಯಲ್ಲ."

"ಬೆಳ್ಳಗಾಗಿದ್ದೀನಿ ಅಜ್ಜಿ."

"ಬೆಳ್ಳಗಾಗದು ಬ್ಯಾರೆ, ಬಿಳಿಚ್ಕಳದು ಬ್ಯಾರೆ."

ಮಧ್ಯಾಹ್ನ ಅಜ್ಜಿ ಮಲಗಿದ್ದಾಳೆ ಅಂದುಕೊಂಡು ದೇವರ ಗೂಡಿನಿಂದ ವಿಭೂತಿ ತೆಗೆದೆ. ನನ್ನ ಚೂರು ಬಸ್ಸಿನಲ್ಲೇ ಮುಗಿದಿತ್ತು. ಕಟಕ್ ಅಂತ ಕಡಿದೆ. ತಿರುಗಿ ನೋಡಿದರೆ ಅಜ್ಜಿ ಚಾಪೆಯ ಮೇಲೆ ಎದ್ದು ಕೂತಿದ್ದಾಳೆ.

ಎದ್ದು ಬಂದು ಬೀದಿ ಬಾಗಿಲು ಹಾಕಿದಳು.

"ಎಷ್ಟು ದಿವಸದಿಂದ ತಿಂತಿದ್ದೀ?"

"ಶಿವರಾತ್ರಿಯಿಂದ."

"ನಿಮ್ಮವ್ವ ನಿನ್ನ ಒಟ್ಟೇಲಿ ಒತ್ತಿದ್ದಾಗ ಇಂಗೇ ಗ್ವಾಡೆ ಮಣ್ಣ ಕೆರ್ಕಂಡು ತಿಂತಿದ್ಲು." ನನ್ನ ಹೊಟ್ಟೆಯ ಕಡೆ ನೋಡಿದಳು. ದನಿ ಇಳಿಸಿದಳು. "ಯಾರ್ ಕೂಸೇ ಅವ್ನು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಗು ಬಂತು. ನಗುತ್ತಾ ನಗುತ್ತಾ ಉಸಿರು ಸಿಕ್ಕದೆ ಕೂತುಬಿಟ್ಟೆ.

"ನಗಬ್ಯಾಡ. ನಾನು ಯಾರ್ಗೂ ಯೋಳಕಿಲ್ಲ. ನಿಮ್ಮಪ್ಪಂಗೂ ಯೋಳಕಿಲ್ಲ."

"ಅಜ್ಜಿ, ಯಾರೂ ಇಲ್ಲ. ನಂಗೆ ಶುಗರ್. ಅಪ್ಪನ ಥರ."

ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು. ಹೇಳಿ ಅತ್ತೆ. ಅಜ್ಜಿ ಮಡಿಲಿನಲ್ಲಿ ತಲೆ ಇಡಿಸಿಕೊಂಡು ತಟ್ಟಿದಳು. ಆದರೆ ನಂಬಲಿಲ್ಲ. "ಶುಗರ್ ಬಂದೋರು ಸಕ್ರೆ ಕದ್ದು ತಿಂತಾರೆ ಕೂಸೇ. ಇಬೂತಿ ತಿನ್ನಕಿಲ್ಲ. ಸೋಮಾರ ನರಸೀಪುರಕ್ಕೆ ಓಗವ. ಅಲ್ಲೊಬ್ರು ಡಾಕ್ಟ್ರಮ್ಮ ಅವ್ರೆ."

ಏಪ್ರಿಲ್ 21, ಸೋಮವಾರ

ಬಸ್ಸಿನಲ್ಲಿ ಅಜ್ಜಿ ನನ್ನ ಕೈ ಬಿಡಲೇ ಇಲ್ಲ, ಓಡಿಹೋಗುತ್ತೇನೆ ಅನ್ನುವ ಹಾಗೆ.

ಕ್ಲಿನಿಕ್ಕಿನಲ್ಲಿ ಎಲ್ಲ ಬಸುರಿಯರು. ನಡುವೆ ನಾನು. ಅಜ್ಜಿ ಒಳಗೆ ಹೋದ ಕೂಡಲೇ ಡಾಕ್ಟ್ರಮ್ಮನ ಕಿವಿಯ ಹತ್ತಿರ ಬಗ್ಗಿದಳು. ಅಜ್ಜಿಗೆ ಕಿವಿ ಮಂದ, ಹಾಗಾಗಿ ಅವಳ ಗುಟ್ಟು ಹೊರಗಿನ ಬೆಂಚಿನವರೆಗೂ ಕೇಳುತ್ತದೆ. "ಕೂಸು ಇಬೂತಿ ತಿಂತದೆ ಕಣವ್ವ. ಮದ್ವೆ ಆಗಿಲ್ಲ."

ನಾನು ನೆಲ ನೋಡಿದೆ. ಡಾಕ್ಟ್ರಮ್ಮ ನಗಲಿಲ್ಲ. "ಅಜ್ಜಿ, ಅದನ್ನೂ ನೋಡೋಣ. ಮೊದಲು ಇಲ್ಲಿ ಬಾರಮ್ಮ," ಅಂತ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ಟಾರ್ಚ್ ಬಿಟ್ಟರು. ಉಗುರು ನೋಡಿದರು. ನಾಲಿಗೆ ನೋಡಿದರು.

"ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ?"

"ಹೂಂ. ಶುಗರ್ ಇದೆಯಲ್ಲ ಮೇಡಂ, ಅಪ್ಪನ ಥರ."

"ಐಸ್ ಕಡೀಬೇಕು ಅನ್ಸುತ್ತಾ?"

ಅದು ಇವರಿಗೆ ಹೇಗೆ ಗೊತ್ತಾಯಿತು?

"ಮುಟ್ಟು ಎಷ್ಟು ದಿನ ಹೋಗುತ್ತೆ?"

ಹೇಳಿದೆ. "ಮೊದಲಿಂದಲೂ ಹಾಗೇನಾ?" "ಎರಡು ವರ್ಷದಿಂದ." "ಯಾರಿಗೂ ಹೇಳಲಿಲ್ವಾ?" ಹೇಳುವಂಥದ್ದು ಅಂತ ಅನ್ನಿಸಿರಲಿಲ್ಲ.

ಪಕ್ಕದ ರೂಮಿನಲ್ಲಿ ರಕ್ತ, ಮೂತ್ರ ಎರಡೂ ತೆಗೆದುಕೊಂಡರು. ನದಿ ಸಂಗಮದ ಕಡೆಯಿಂದ ಗಾಳಿ ಬರುತ್ತಿತ್ತು. ಅಜ್ಜಿ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು. ಪಕ್ಕದ ಬಸುರಿ ಹೆಂಗಸು ನನ್ನನ್ನು ನೋಡಿ, "ಎಷ್ಟು ತಿಂಗಳವ್ವ?" ಅಂತ ಕೇಳಿದರು. "ಆರೂ ನಾಲ್ಕು," ಅಂದುಬಿಟ್ಟೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ರಿಪೋರ್ಟ್ ಬಂತು. "ಅಜ್ಜಿ, ನಿಮ್ಮ ಭಯ ಬಿಡಿ, ಅದೇನೂ ಇಲ್ಲ," ಅಂದರು ಡಾಕ್ಟ್ರಮ್ಮ. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ನಿನ್ನದು ಬೇರೆ ಭಯ. ಹಿಮೋಗ್ಲೋಬಿನ್ ಏಳೂ ಎರಡು. ಹನ್ನೆರಡು ಇರಬೇಕು. ಕಬ್ಬಿಣದ ಅಂಶ ತಳ ಕಂಡಿದೆ. ಅದಕ್ಕೇ ಮಣ್ಣು, ಬೂದಿ ಅಂತ ಬಾಯಿ ಹುಡುಕೋದು."

ನಾನು ಬ್ಯಾಗಿನಿಂದ ಎಲ್ಲ ತೆಗೆದು ಮೇಜಿನ ಮೇಲೆ ಹರಡಿದೆ. 6.1, 6.4, ಲ್ಯಾಬಿನ 93, ಮೀಟರಿನ ಒಳಗಿದ್ದ ನಂಬರುಗಳು. "ಇದರಲ್ಲಿ ಯಾವುದು ನಿಜ ಮೇಡಂ?"

ಅವರು ಮೀಟರನ್ನು ಒತ್ತಿ ಒತ್ತಿ ಹಳೇ ನಂಬರುಗಳನ್ನು ನೋಡುತ್ತಾ ಹೋದರು. ಮುಗಿಯಲೇ ಇಲ್ಲ. ನನ್ನ ಬೆರಳ ತುದಿಗಳನ್ನು ತಿರುಗಿಸಿ ನೋಡಿದರು. "ಇರೋ ರಕ್ತಾನೂ ಹಿಂಡಿ ತೆಗೆದಿದ್ದೀಯಲ್ಲಮ್ಮ," ಅಂದರು. ಆಮೇಲೆ ನಿಧಾನವಾಗಿ ಹೇಳಿದರು. "ಮೀಟರ್ ಈ ಕ್ಷಣದ ಸಕ್ಕರೆ ಹೇಳುತ್ತೆ. ಎಚ್‌ಬಿಎ1ಸಿ ರಕ್ತದ ಕಣಕ್ಕೆ ಅಂಟಿದ ಸಕ್ಕರೆ ಲೆಕ್ಕ ಹಾಕುತ್ತೆ. ಕಬ್ಬಿಣ ಇಲ್ಲದೆ ಇದ್ದಾಗ ಹೊಸ ಕಣ ಹುಟ್ಟೋದು ನಿಧಾನ. ಹಳೇ ಕಣಗಳೇ ಜಾಸ್ತಿ ದಿನ ಓಡಾಡ್ತಾ ಇರ್ತವೆ. ಸೌದೆ ಒಲೆ ಮೇಲೆ ಹಳೇ ಪಾತ್ರೆಗೆ ಮಸಿ ಜಾಸ್ತಿ ಹಿಡಿದಿರುತ್ತೆ ಅಲ್ವಾ? ಉರಿ ಜಾಸ್ತಿ ಆಗಿದೆ ಅಂತ ಅಲ್ಲ. ಪಾತ್ರೆ ಹಳೇದು, ಅಷ್ಟೆ."

"ಊಟ ಬಿಟ್ಟು ಬರೀ ಸೌತೆಕಾಯಿ, ಮೊಸರು, ಏಳೆಂಟು ಟೀಯಲ್ಲೇ ಇದ್ದೆನಲ್ಲ. ಆದರೂ ಯಾಕೆ ಏರಿತು?"

"ಊಟ ಬಿಟ್ಟಿದ್ದಕ್ಕೇ. ಮುದ್ದೆ, ಕಾಳು, ಬೇಳೆ ಎಲ್ಲ ಬಿಟ್ಟೆ. ಮೇಲೆ ದಿನಾ ಏಳೆಂಟು ಟೀ, ಅದು ಕಬ್ಬಿಣಾನ ಮೈಗೆ ಹತ್ತೋಕೆ ಬಿಡಲ್ಲ. ಒಳಗೆ ಹೋಗೋ ಕಬ್ಬಿಣಕ್ಕೆ ದಾರೀನೇ ಇಲ್ಲ. ರಕ್ತ ಇನ್ನೂ ಇಳೀತು, ನಂಬರ್ ಏರಿತು."

"ಅಂದರೆ ನನಗೆ ಶುಗರ್ ಇಲ್ಲವಾ?"

ಇಲ್ಲ ಅನ್ನುತ್ತಾರೆ ಅಂತ ಕಾದೆ. ಅವರು ಅನ್ನಲಿಲ್ಲ. "ಈಗ ಹೇಳೋಕೆ ಆಗಲ್ಲ. ಮೀಟರು, ಲ್ಯಾಬಿನ ಫಾಸ್ಟಿಂಗ್ ನೋಡಿದ್ರೆ ಇಲ್ಲ ಅನ್ಸುತ್ತೆ. ಅಪ್ಪನಿಗೆ ಇದೆಯಲ್ಲ, ಅದಕ್ಕೆ ಹಗುರವಾಗಿಯೂ ತಗೊಳ್ಳಲ್ಲ. ರಕ್ತ ತುಂಬಲಿ. ಮೂರು ನಾಲ್ಕು ತಿಂಗಳು ಬಿಟ್ಟು ನೋಡೋಣ. ಅಲ್ಲಿವರೆಗೂ ಚುಚ್ಕೋಬೇಡ."

ಕಬ್ಬಿಣದ ಡ್ರಿಪ್ ಹಾಕಬೇಕಂತೆ. ಮುಟ್ಟಿಗೆ ಸ್ಕ್ಯಾನ್, ಮಾತ್ರೆ. ಹೊರಗೆ ಬಂದ ಮೇಲೆ ಅಜ್ಜಿ ಅಂದಳು. "ಇಬೂತಿ ತಿಂದಿದ್ಕೆ ಸಿವ ಏನೂ ಅನ್ಕಳಕಿಲ್ಲ ಬುಡು. ನಾಳೆಯಿಂದ ಅಣೆಗೆ ಅಚ್ಕೋ."

ಏಪ್ರಿಲ್ 25, ಶುಕ್ರವಾರ

ಮೊದಲ ಡ್ರಿಪ್ ಆಯಿತು. ಅಪ್ಪನಿಗೆ ರಕ್ತಹೀನತೆ ಅಂತ ಮಾತ್ರ ಹೇಳಿದ್ದೇವೆ.

ಗ್ರೂಪಿನಲ್ಲಿ ನಡೆದದ್ದೆಲ್ಲ ಬರೆದೆ. ಉದ್ದ ಆಯಿತು. ಕೊನೆಗೆ, ಎಚ್‌ಬಿಎ1ಸಿ ಜಾಸ್ತಿ ಬಂದು ಮೀಟರ್ ಸರಿಯಿದ್ದರೆ ಹಿಮೋಗ್ಲೋಬಿನ್ ನೋಡಿಸಿ ಅಂತ ಸೇರಿಸಿದೆ. ಕಳಿಸಿ ಟೀ ಕುಡಿಯಲು ಎದ್ದೆ, ನೆನಪಾಗಿ ಕೂತೆ. ವಾಪಸ್ ನೋಡಿದರೆ ಮೆಸೇಜ್ ಇಲ್ಲ. 'ಅಡ್ಮಿನ್ ಅಳಿಸಿದ್ದಾರೆ.'

ಸರ್ ಹಾಗೆ ಮಾಡುವುದಿಲ್ಲ. ಕೈ ತಪ್ಪಿ ಆಗಿರಬೇಕು. ಇನ್ನೊಂದು ಸಲ ಹಾಕಿದೆ. ಅದೂ ಹೋಯಿತು.

ಮೇ 6, ಮಂಗಳವಾರ

ಚುಚ್ಚಿಕೊಳ್ಳದೇ ಇರುವುದು ಚುಚ್ಚಿಕೊಳ್ಳುವುದಕ್ಕಿಂತ ಕಷ್ಟ. ಮುದ್ದೆ ನುಂಗುವಾಗ ಪ್ರತಿ ತುತ್ತಿಗೂ ಒಳಗೆ ಏನೋ ಏರುತ್ತಿದೆ ಅನ್ನಿಸುತ್ತದೆ. ಆದರೂ ನುಂಗಿದೆ. ಹುರುಳಿ ಸಾರು, ಮೇಲೆ ನಿಂಬೆಹಣ್ಣು ಹಿಂಡಿ. ಅಮ್ಮ ಎದುರಿಗೇ ಕೂತು ನೋಡುತ್ತಿದ್ದಳು, ಪರೀಕ್ಷೆ ಮೇಲ್ವಿಚಾರಕರ ಥರ.

ಜೂನ್ 14, ಶನಿವಾರ

ಅಪ್ಪ ಹೊಸ ವಿಭೂತಿ ಗಟ್ಟಿ ತಂದರು. "ಇಲಿ ಹೋಯ್ತು ಅಂತ ಕಾಣ್ತದೆ," ಅಂದರು. ನನ್ನ ಕಡೆ ನೋಡಲಿಲ್ಲ. ಎಷ್ಟು ದಿನದಿಂದ ಗೊತ್ತಿತ್ತೋ.

ಆಗಸ್ಟ್ 11, ಸೋಮವಾರ

ಬೆಳಿಗ್ಗೆ ರಕ್ತ ಕೊಟ್ಟು ಆಫೀಸಿಗೆ ಹೋದೆ. ಸೀಟಿನಲ್ಲಿ ಕೂತು ಕಂಪ್ಯೂಟರ್ ಆನ್ ಮಾಡಿದ ಮೇಲೆ ಸುನೀತಾ, "ಇವತ್ತು ನಿಂಗೆ ಮೆಸೇಜ್ ಬರಲಿಲ್ವೇನೇ?" ಅಂದಳು. ಏನು ಕೇಳುತ್ತಿದ್ದಾಳೆ ಅಂತ ಗೊತ್ತಾಗಲಿಲ್ಲ. ಆಮೇಲೆ ಮೆಟ್ಟಿಲು ನೆನಪಾಯಿತು.

ರಿಪೋರ್ಟ್ ಬಂದಾಗ ಮನೆಯಲ್ಲಿದ್ದೆ. ಹಿಮೋಗ್ಲೋಬಿನ್ 12.3. ಎಚ್‌ಬಿಎ1ಸಿ 5.5.

ಅಮ್ಮ ದೇವರ ಮುಂದೆ ದೀಪ ಹಚ್ಚಲು ಓಡಿದಳು. ಅಷ್ಟಕ್ಕೆ ಎಲ್ಲ ಹೊರಗೆ ಬಂತು. ಅಪ್ಪನಿಗೆ 6.1 ಹೇಳಿದೆ, 6.4 ಹೇಳಿದೆ.

"ಈಗ ಪಾಸಾ?" ಅಂದರು ಅಪ್ಪ.

"ಈ ಸಲ ಪಾಸ್. ವರ್ಷಕ್ಕೊಂದು ಸಲ ನೋಡಿಸ್ತಾ ಇರಬೇಕಂತೆ. ಅಪ್ಪನಿಗೆ ಇದ್ರೆ ಮಕ್ಕಳಿಗೂ..." ಅಲ್ಲಿಗೆ ನಿಲ್ಲಿಸಿದೆ. ಆರು ತಿಂಗಳು ಮುಚ್ಚಿಟ್ಟದ್ದೇ ಆ ಮಾತನ್ನು.

ಅಪ್ಪ ಎದ್ದು ನಲ್ಲಿಯ ಕಡೆ ಹೊರಟವರು, "ಆ ಮಿಷನ್ ತಗೊಂಡ್ ಬಾ," ಅಂದರು.

"ಯಾಕಪ್ಪ? ನಾನು ಚುಚ್ಕೋಬಾರದು."

"ನಿಂಗಲ್ಲ."

ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಸೋಪು ಹಾಕಿ ಕೈ ತೊಳೆದುಕೊಂಡು ಬಂದಿದ್ದರು. ಕೈ ಮುಂದೆ ಚಾಚಿದರು, ಕ್ಲಾಸಿನಲ್ಲಿ ಏಟು ತಿನ್ನಲು ನಿಂತ ಹುಡುಗರ ಹಾಗೆ. "ನೋಡ್ದೆ ಇದ್ರೆ ಇಲ್ಲ ಅಂತ ಅಂದ್ಕೊಂಡಿದ್ದೆ ಕಣವ್ವ. ನೀನು ನೋಡೀ ನೋಡೀ ಹೆದರ್ಕೊಂಡೆ, ನಾನು ನೋಡ್ದೆ ಹೆದರ್ಕೊಂಡೆ."

ಅವರ ಬೆರಳು ಹಿಡಿದುಕೊಂಡೆ.

"ನಿನ್ನ ಕೈ ಬೆಚ್ಚಗದೆ," ಅಂದರು. ಅಷ್ಟರಲ್ಲಿ ಚುಚ್ಚಿ ಆಗಿತ್ತು.

ಎಷ್ಟು ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅಪ್ಪನದು. ಇಬ್ಬರೂ ಮೀಟರ್ ನೋಡಿದೆವು, ಮುಖ ನೋಡಿಕೊಳ್ಳಲಿಲ್ಲ.

ಆಮೇಲೆ ಅಪ್ಪ ಬಗ್ಗಿ ಬಲಗಾಲಿನ ಸಾಕ್ಸ್ ತಾವೇ ಬಿಚ್ಚಿದರು. "ಇದನ್ನೂ ನೋಡ್ಬುಡು."

ನೋಡಿದೆ. ನಾನು ಅಂದುಕೊಂಡಷ್ಟು ಭಯಂಕರ ಇರಲಿಲ್ಲ. ಮೂರು ಬೆರಳು, ಪಕ್ಕದಲ್ಲಿ ನುಣ್ಣಗೆ ಕೂಡಿಕೊಂಡ ಚರ್ಮ. ಪಾದವನ್ನು ಎತ್ತಿ ಬೆಳಕಿಗೆ ಹಿಡಿದೆ. ಕಿರುಬೆರಳಿನ ಕೆಳಗೆ ಒಂದು ಗಾಯ ಇತ್ತು, ಕಡಲೆಕಾಳಿನಷ್ಟು, ಹೊಸದು. ಒತ್ತಿದೆ. ಅಪ್ಪನಿಗೆ ಗೊತ್ತೇ ಆಗಲಿಲ್ಲ.

"ಏನಾದ್ರೂ ಅದಾ?" ಅಂದರು.

"ಅದೆ," ಅಂದೆ.

ನಾಳೆ ರಜೆ ಹಾಕಿದ್ದೇನೆ. ಮೈಸೂರಿನ ಮೊದಲ ಬಸ್ಸಿಗೆ ಇಬ್ಬರೂ ಆಸ್ಪತ್ರೆಗೆ ಹೋಗುತ್ತೇವೆ.